ಹಿಮ್ಮೇಳ ಇಲ್ಲದ ಕತೆಗಾರರು

ಕಳೆದ ತಿಂಗಳು ನಮ್ಮ ಕತೆಗಾರ ಕತೆ ಹೇಳೋದನ್ನ ನಿಲ್ಲಿಸಿಬಿಟ್ಟ.

ಯಾವ ಕತೆಗಾರ ಅಂತ ಕೇಳ್ತೀರಾ? ಸ್ವಲ್ಪ ಹಿನ್ನೆಲೆ ಹೇಳಬೇಕು. ವಾರದಲ್ಲಿ ಎರಡು ರಾತ್ರಿ, ಆಫೀಸಿನ ಕೆಲಸ, ಊಟ ಎಲ್ಲ ಮುಗಿಸಿ ಹತ್ತೂವರೆ ಹೊತ್ತಿಗೆ ನಾನೊಂದು ಆಟಕ್ಕೆ ಕೂರ್ತೀನಿ. ‘ನೆವರ್‌ವಿಂಟರ್ ನೈಟ್ಸ್’ ಅಂತ ಅದರ ಹೆಸರು. ಕೆನಡಾದ ಬಯೋವೇರ್ ಕಂಪನಿ 2002ರಲ್ಲಿ ಮಾಡಿದ ಹಳೇ ಆಟ, 2018ರಲ್ಲಿ ಇನ್ನೊಂದು ಕಂಪನಿ ಅದನ್ನ ರಿಪೇರಿ ಮಾಡಿ ಮತ್ತೆ ಬಿಡುಗಡೆ ಮಾಡಿತು. ಇದರಲ್ಲಿ ಒಬ್ಬೊಬ್ಬರು ಒಂದೊಂದು ವೇಷ ಹಾಕ್ತಾರೆ. ಒಬ್ಬ ಕಳ್ಳ, ಒಬ್ಬಳು ಮಾಟಗಾತಿ, ಒಬ್ಬ ಸೈನ್ಯ ಬಿಟ್ಟು ಓಡಿ ಬಂದ ಸಿಪಾಯಿ. ನಂದು ವೈದ್ಯನ ಪಾತ್ರ. ನಾವು ಸುಮಾರು ಇಪ್ಪತ್ತು ಜನ. ಇಷ್ಟೂ ಜನರ ಆಟ ನಿಂತಿರೋದು ಒಬ್ಬನ ಮೇಲೆ. ಹಾಳು ಗುಡಿಯೊಳಗೆ ಯಾರಿದ್ದಾರೆ, ಊರಿನ ಪಟೇಲ ಯಾಕೆ ಸುಳ್ಳು ಹೇಳ್ತಿದಾನೆ, ನಾವು ಎಡಕ್ಕೆ ತಿರುಗಿದರೆ ಏನಾಗುತ್ತೆ, ಬಲಕ್ಕೆ ತಿರುಗಿದರೆ ಏನಾಗುತ್ತೆ, ಎಲ್ಲಾ ಅವನೇ ಯೋಚಿಸಬೇಕು. ನಮಗೆ ಎದುರಾಗೋ ಪ್ರತಿ ಪಾತ್ರದ ಮಾತನ್ನೂ ಅವನೇ ಆ ಕ್ಷಣಕ್ಕೆ ಹುಟ್ಟಿಸಿ ಟೈಪ್ ಮಾಡಬೇಕು. ಇಂಥವರನ್ನ ಡಂಜನ್ ಮಾಸ್ಟರ್ ಅಂತಾರೆ. ನಾನು ಕತೆಗಾರ ಅಂತೀನಿ. ಸಂಬಳ ಇಲ್ಲ, ಪ್ರೈಜ್ ಇಲ್ಲ. ಅವನು ಬೇರೆ ದೇಶದವನು, ಯಾವುದೋ ಶಾಲೆಯಲ್ಲಿ ಮೇಷ್ಟ್ರು, ಇಷ್ಟೇ ನನಗೆ ಗೊತ್ತಿರೋದು. ಮೂರು ವರ್ಷ ವಾರಕ್ಕೆ ಎರಡು ರಾತ್ರಿ ತಪ್ಪದೆ ಬಂದ.

ಕಳೆದ ತಿಂಗಳು ಒಂದು ಸಾಲು ಬರೆದ. “ಸುಸ್ತಾಗಿದೆ, ಇನ್ನು ಆಗೋದಿಲ್ಲ, ಕ್ಷಮಿಸಿ.” ಅಷ್ಟೇ.

ಅವತ್ತು ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಅದರ ಹಿಂದಿನ ವಾರ ನಾನೇ ಒಂದು ಮಾತು ಟೈಪ್ ಮಾಡಿದ್ದೆ. ಅವತ್ತು ಆಫೀಸಲ್ಲಿ ರಿಲೀಸ್ ಇತ್ತು, ತಲೆ ಕೆಟ್ಟಿತ್ತು. ಅವನು ಒಂದು ಹಳ್ಳಿಯ ಸಾವಿನ ದೃಶ್ಯವನ್ನ ನಿಧಾನಕ್ಕೆ ನಡೆಸ್ತಿದ್ದ. ನಾನು “ಬೇಗ ಮುಗಿಸಪ್ಪ, ಹೊಡೆದಾಟ ಯಾವಾಗ?” ಅಂದೆ. ಇನ್ನಿಬ್ಬರು ಹೌದು ಹೌದು ಅಂದ್ರು. ಮೂರು ವರ್ಷದಲ್ಲಿ ಅವನಿಗೆ ನಾನು ಒಂದು ಸಲನಾದ್ರೂ “ಇವತ್ತಿನ ಕತೆ ಚೆನ್ನಾಗಿತ್ತು” ಅಂದಿದ್ದೀನಾ ಅಂತ ನೆನಪು ಮಾಡಿಕೊಂಡೆ. ಇಲ್ಲ.

ಆ ಶನಿವಾರ ಊರಿಗೆ ಹೋದೆ. ನಮ್ಮೂರು ತೆರಕಣಾಂಬಿ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗೋ ದಾರಿಯಲ್ಲಿ ಸಿಗುತ್ತೆ. ಈಗ ಅದನ್ನ ತರಕಾರಿ ಮಾರ್ಕೆಟ್ಟಿನ ಊರು ಅಂತ ಗುರುತಿಸ್ತಾರೆ, ಆದ್ರೆ ಒಂದು ಕಾಲಕ್ಕೆ ಕೋಟೆ ಇದ್ದ ದೊಡ್ಡ ಪಟ್ಟಣ. ವಿಜಯನಗರ ಕಾಲದ ಶಾಸನಗಳಲ್ಲಿ ಊರಿನ ಹೆಸರಿದೆ. 17ನೇ ಶತಮಾನದ ಶುರುವಿನಲ್ಲಿ ಮೈಸೂರು ಒಡೆಯರ ಕೈಗೆ ಬಂತು. ರಾಜರು, ದಾನಗಳು, ದೇವಸ್ಥಾನಗಳು ಇವೆಲ್ಲ ಕಲ್ಲಿನ ಮೇಲೆ ಉಳಿದುಕೊಂಡವು. ಇದೇ ಸೀಮೆಯ ಕತೆಗಳು ಮಾತ್ರ ಮನುಷ್ಯರ ಗಂಟಲಲ್ಲಿ ಉಳಿದುಕೊಂಡವು. ಆ ಗಂಟಲುಗಳಿಗೆ ನಮ್ಮ ಕಡೆ ನೀಲಗಾರರು, ದೇವರಗುಡ್ಡರು ಅಂತ ಹೆಸರು.

ಬೇರೆ ಕಡೆಯ ಮಿತ್ರರಿಗಾಗಿ ಸ್ವಲ್ಪ ವಿವರ. ದೇವರಗುಡ್ಡರು ಮಲೆ ಮಹದೇಶ್ವರನ ಭಕ್ತರು. ಕೈಯಲ್ಲಿ ಕಂಸಾಳೆ, ಕೊರಳಲ್ಲಿ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ. ಮಾದಪ್ಪನ ಕತೆ ಹಾಡ್ತಾರೆ. ನೀಲಗಾರರು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಪರಂಪರೆಯವರು. ಮುಖ್ಯ ಹಾಡುಗಾರನ ಕೈಯಲ್ಲಿ ತಂಬೂರಿ ಇರೋದ್ರಿಂದ ಜನ ‘ತಂಬೂರಿಯವರು’ ಅಂತಲೇ ಕರೀತಾರೆ. ಜೊತೆಗೆ ಡಕ್ಕೆ, ಗಗ್ಗರ, ತಾಳ ಹಿಡಿದ ಹಿಮ್ಮೇಳದವರು. ಮದುವೆ, ಹರಕೆ, ತಿಥಿ, ಹೊಸ ಮನೆ, ಯಾವುದಕ್ಕಾದರೂ ‘ಕತೆ ಮಾಡಿಸ್ತಾರೆ’. ರಾತ್ರಿ ಊಟ ಆದಮೇಲೆ ಕೂತರೆ ಬೆಳಗಿನ ಕೋಳಿ ಕೂಗೋವರೆಗೆ.

ನಾನು ಪ್ರೈಮರಿಯಲ್ಲಿದ್ದಾಗ ನಮ್ಮ ತಾತನ ತಿಥಿಗೆ ಕತೆ ಮಾಡಿಸಿದ್ರು. ಮಂಟೇಸ್ವಾಮಿಯ ಕತೆ. ನಾನು ಅರ್ಧ ರಾತ್ರಿಗೆ ಕಂಬಳಿ ಹೊದ್ದು ನಿದ್ದೆ ಹೋಗಿ ಮತ್ತೆ ಎದ್ದರೂ ಕತೆ ನಡೀತಾನೇ ಇತ್ತು. ಮಲಗೋಕೆ ಒಳಗೆ ಹೋಗ್ತೀನಿ ಅಂದಾಗ ನಮ್ಮಜ್ಜಿ ಅಂದಿದ್ದು ಇನ್ನೂ ನೆನಪಿದೆ. “ಕತ ಅರ್ಧಕ್ಕ ಬುಟ್ಟು ಏಳ್ಬಾರ್ದು ಕನಪ್ಪ. ನಿದ್ದ ಬಂದ್ರ ಇಲ್ಲೇ ಮನಿಕೊ.”

ಈಗ ನಾನು ಹೇಳಬೇಕೆಂದಿರೋ ವಿಷಯಕ್ಕೆ ಬರ್ತೀನಿ. ಸಂಬಳ ಇಲ್ಲದೆ ರಾತ್ರಿಯೆಲ್ಲಾ ಕತೆ ನಡೆಸೋ ಜನ ಎರಡೂ ಕಡೆ ಇದ್ದಾರೆ. ಒಂದು ಕಡೆ ಅದು ನೂರಾರು ವರ್ಷ ನಡೆದಿದೆ. ಇನ್ನೊಂದು ಕಡೆ ಐವತ್ತೇ ವರ್ಷದಲ್ಲಿ ಎಷ್ಟೋ ಕತೆಗಾರರು ಸುಸ್ತಾಗಿ ಎದ್ದು ಹೋದ್ರು, ಕೆಲವರು ಕೋರ್ಟಿಗೂ ಹೋದ್ರು. ಯಾಕೆ ಹೀಗೆ?

ಮೊದಲು ಆಟದ ಕಡೆಯ ಇತಿಹಾಸ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಆಟ ತಂದ್ರು. ಕಂಪ್ಯೂಟರ್ ಇಲ್ಲ, ಒಂದು ಮೇಜು, ಕಾಗದ, ಪೆನ್ಸಿಲ್, ದಾಳ. ಸುತ್ತ ಕೂತವರಲ್ಲಿ ಒಬ್ಬ ಕತೆ ನಡೆಸ್ತಾನೆ, ಉಳಿದವರು ಪಾತ್ರ ಆಡ್ತಾರೆ. ಆಡೋರೆಲ್ಲ ಗೆಳೆಯರು. ಈ ವಾರ ನಿಮ್ಮ ಮನೆ, ಮುಂದಿನ ವಾರ ನಮ್ಮ ಮನೆ. ಕತೆ ಹೇಳೋನು ಸುಸ್ತಾದ್ರೆ ಎದುರಿಗೆ ಕೂತವನಿಗೆ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ‘ಮಡ್’ ಅನ್ನೋ ಪ್ರೋಗ್ರಾಂ ಬರೆಯೋಕೆ ಶುರು ಮಾಡಿದ. ಆಮೇಲೆ ರಿಚರ್ಡ್ ಬಾರ್ಟಲ್ ಅದನ್ನ ಬೆಳೆಸಿದ. ಬೇರೆ ಬೇರೆ ಕಡೆ ಕೂತ ಜನ ಒಂದೇ ಕಲ್ಪನೆಯ ಲೋಕದಲ್ಲಿ ಓಡಾಡೋ ಆಟ, ಎಲ್ಲಾ ಬರೀ ಅಕ್ಷರದಲ್ಲಿ. ಹಗಲು ಕಂಪ್ಯೂಟರಿನಲ್ಲಿ ವಿಶ್ವವಿದ್ಯಾಲಯದ ಕೆಲಸ ಇರ್ತಿತ್ತು. ಅದಕ್ಕೆ ಹೊರಗಿನವರಿಗೆ ಆಡೋಕೆ ಸಿಗ್ತಿದ್ದದ್ದು ರಾತ್ರಿ ಹೊತ್ತು ಮಾತ್ರ. ಇದನ್ನ ಓದಿದಾಗ ನನಗೆ ನಗು ಬಂತು, ಅಲ್ಲೂ ಅಹೋರಾತ್ರಿ ಕತೆನೇ :-)

ಮಡ್‌ನಲ್ಲಿ ಒಂದು ಒಳ್ಳೆ ಪದ್ಧತಿ ಇತ್ತು. ಆಡಿ ಆಡಿ ಸಾಕಷ್ಟು ಅಂಕ ಗಳಿಸಿದವನು ‘ವಿಜರ್ಡ್’ ಆಗ್ತಿದ್ದ. ಅವನಿಗೆ ಆಟದ ಲೋಕದ ಮೇಲೆ ವಿಶೇಷ ಅಧಿಕಾರ, ಜೊತೆಗೆ ಹೊಸಬರ ಆಟ ಸರಿಯಾಗಿ ನಡೆಯೋ ಹಾಗೆ ನೋಡಿಕೊಳ್ಳೋ ಹೊಣೆ. ಅಂದ್ರೆ ಕೇಳುಗನೇ ಕಲಿತು ಹೇಳುಗನಾಗೋ ಏಣಿ ಒಂದಿತ್ತು.

ಆಮೇಲೆ ದುಡ್ಡು ಬಂತು. ಅಮೆರಿಕದ ಎ.ಓ.ಎಲ್. ಕಂಪನಿ ಫೋನ್ ಲೈನಿನ ಮೂಲಕ ಜನರನ್ನ ಆನ್‌ಲೈನ್ ತರ್ತಿತ್ತು. ಗಂಟೆಗಿಷ್ಟು ಅಂತ ಬಿಲ್ಲು. ಅಲ್ಲಿ ಪಾತ್ರ ಹಾಕಿಕೊಂಡು ಮಾತಾಡೋ ಕೋಣೆಗಳಿದ್ದವು. ‘ರೆಡ್ ಡ್ರ್ಯಾಗನ್ ಇನ್’ ಅನ್ನೋ ಕಾಲ್ಪನಿಕ ಛತ್ರ ತುಂಬಾ ಹೆಸರು ಮಾಡಿತ್ತು. ಇಂಥ ಕೋಣೆಗಳನ್ನ ನಡೆಸ್ತಿದ್ದವರು ಸ್ವಯಂಸೇವಕರು. ಒಂದು ಕಾಲಕ್ಕೆ ಎ.ಓ.ಎಲ್.ನಲ್ಲಿ ಎಲ್ಲಾ ಬಗೆಯ ಸ್ವಯಂಸೇವಕರು ಸೇರಿ ಸುಮಾರು 14,000 ಜನ ಇದ್ದರು. ಅವರಿಗೆ ಸಿಗ್ತಿದ್ದದ್ದು ಪುಕ್ಕಟೆ ಸಮಯ. ಬಿಲ್ಲು ಗಂಟೆ ಲೆಕ್ಕದಲ್ಲಿ ಇದ್ದಾಗ ಅದಕ್ಕೊಂದು ಬೆಲೆ ಇತ್ತು. 1996ರ ಡಿಸೆಂಬರಿನಲ್ಲಿ ಕಂಪನಿ ತಿಂಗಳಿಗೆ 19.95 ಡಾಲರ್ ಕೊಟ್ಟು ಎಷ್ಟಾದ್ರೂ ಬಳಸಿ ಅಂತ ಮಾಡಿತು. ಒಂದೇ ದಿನದಲ್ಲಿ ಸ್ವಯಂಸೇವಕರ ಪುಕ್ಕಟೆ ಗಂಟೆಗಳ ಬೆಲೆ ಕುಸಿದು ಹೋಯಿತು. ಕೆಲಸ ಮಾತ್ರ ಹಾಗೇ ಉಳಿಯಿತು. ತರಬೇತಿಗೆ ಬನ್ನಿ, ಇಷ್ಟು ಗಂಟೆ ಹಾಜರಿರಿ, ವರದಿ ಬರೀರಿ. 1999ರಲ್ಲಿ ಹಳೆಯ ಸ್ವಯಂಸೇವಕರು ದಾವೆ ಹೂಡಿದ್ರು. ನಾವು ಮಾಡಿದ್ದು ನೌಕರರ ಕೆಲಸ, ಕನಿಷ್ಠ ಕೂಲಿ ಕೊಡಿ ಅಂತ. ಹತ್ತು ವರ್ಷಕ್ಕೂ ಹೆಚ್ಚು ಎಳೆದ ಮೇಲೆ 2010ರಲ್ಲಿ 15 ಮಿಲಿಯನ್, ಅಂದ್ರೆ ಒಂದೂವರೆ ಕೋಟಿ ಡಾಲರಿಗೆ ರಾಜಿ ಆಯಿತು.

1997ರಲ್ಲಿ ಬಂತು ‘ಅಲ್ಟಿಮಾ ಆನ್‌ಲೈನ್’. (ಅದೇ ವರ್ಷ ಮೈಸೂರಿನಿಂದ ಬೇರೆಯಾಗಿ ನಮ್ಮ ಚಾಮರಾಜನಗರ ಜಿಲ್ಲೆ ಆಯ್ತು. ಎರಡಕ್ಕೂ ಸಂಬಂಧ ಇಲ್ಲ, ನನಗೆ ನೆನಪಿಟ್ಟುಕೊಳ್ಳೋಕೆ ಅನುಕೂಲ ಅಷ್ಟೇ.) ಟೆಕ್ಸಾಸ್‌ನ ಒರಿಜಿನ್ ಸಿಸ್ಟಮ್ಸ್ ಮಾಡಿದ ಆಟ. ತಿಂಗಳಿಗೆ 9.95 ಡಾಲರ್ ಶುಲ್ಕ. ಕೆಲವೇ ತಿಂಗಳಲ್ಲಿ ಆಡೋರ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಇಷ್ಟು ಜನರನ್ನ ನೋಡಿಕೊಳ್ಳೋಕೆ ಸ್ವಯಂಸೇವಕರನ್ನ ತಗೊಂಡ್ರು. ಆಟದೊಳಗೆ ನೀಲಿ ನಿಲುವಂಗಿ ಹಾಕಿದವರು ‘ಕೌನ್ಸೆಲರ್’ಗಳು, ಹೊಸಬರಿಗೆ ಸಹಾಯ ಮಾಡೋರು. ಹಸಿರು ನಿಲುವಂಗಿಯವರು ‘ಸೀರ್’ಗಳು. ಇವರೇ ನಿಜವಾದ ಕತೆಗಾರರು. ಹಬ್ಬ, ಯುದ್ಧ, ಒಗಟು, ದಂಗೆ ಎಲ್ಲಾ ಹುಟ್ಟಿಸಿ ನಡೆಸ್ತಿದ್ದವರು. ಸಂಬಳದವರದು ಕೆಂಪು ನಿಲುವಂಗಿ. ಬಟ್ಟೆಯ ಬಣ್ಣ ನೋಡಿದ್ರೆ ಯಾರಿಗೆ ಸಂಬಳ ಇದೆ, ಯಾರಿಗೆ ಇಲ್ಲ ಅಂತ ತಿಳೀತಿತ್ತು! 2000ದಲ್ಲಿ ಅಲ್ಲಿನ ಹಳೇ ಸ್ವಯಂಸೇವಕರೂ ಅದೇ ವಾದ ಹಿಡಿದು ಕೋರ್ಟಿಗೆ ಹೋದ್ರು.

ತಪ್ಪು ಯಾರದು ಅಂತ ತೀರ್ಪು ಕೊಡೋಕೆ ನಾನು ವಕೀಲ ಅಲ್ಲ. ಆದ್ರೆ ಲೆಕ್ಕ ಸ್ಪಷ್ಟವಾಗಿದೆ. ಆಡೋರು ದುಡ್ಡು ಕಟ್ಟಿದ್ರು, ಅದು ಕಂಪನಿಗೆ ಹೋಯಿತು. ದುಡ್ಡು ಕಟ್ಟಿದ್ದೀವಿ ಅನ್ನೋ ಧೈರ್ಯದಲ್ಲಿ ಅವರು ಕತೆಗಾರನ ಮೇಲೆ ಹರಿಹಾಯ್ದರು. ಕಂಪನಿ ‘ನೀವು ಪ್ರೀತಿಯಿಂದ ಮಾಡೋರು’ ಅಂತ ಹೇಳಿ ಕೆಲಸ ಮಾತ್ರ ನೌಕರನ ಹಾಗೆ ತಗೊಂಡಿತು. ಕತೆಗಾರನಿಗೆ ಕೂಲಿಯೂ ಸಿಗಲಿಲ್ಲ, ಮರ್ಯಾದೆಯೂ ಸಿಗಲಿಲ್ಲ. 2002ರಲ್ಲಿ ನೆವರ್‌ವಿಂಟರ್ ನೈಟ್ಸ್ ಬಂದಾಗ ಇನ್ನೊಂದು ದಾರಿ ತೆರೆಯಿತು. ಕತೆಗಾರನಿಗೆ ಅಂತಲೇ ಪ್ರತ್ಯೇಕ ಪ್ರೋಗ್ರಾಂ, ಲೋಕ ಕಟ್ಟೋಕೆ ಉಪಕರಣ, ಯಾರು ಬೇಕಾದ್ರೂ ತಮ್ಮದೇ ಸರ್ವರ್ ಇಟ್ಟುಕೊಳ್ಳಬಹುದು. ಇಪ್ಪತ್ತು ವರ್ಷ ದಾಟಿದ್ರೂ ಇಂಥ ಲೋಕಗಳು ಇನ್ನೂ ನಡೀತಿವೆ. ಇಲ್ಲಿ ಕಂಪನಿಯ ಕಾಟ ಇಲ್ಲ. ಆದ್ರೂ ನಮ್ಮ ಕತೆಗಾರ ಸುಸ್ತಾದ. ಹಾಗಾದ್ರೆ ಕಂಪನಿಯನ್ನ ಮಾತ್ರ ಬೈದರೆ ಪ್ರಯೋಜನ ಇಲ್ಲ. ಕೇಳೋರಾದ ನಮ್ಮ ಕಡೆ ನೋಡಬೇಕು.

ಇಲ್ಲಿ ನಮ್ಮ ಸೀಮೆಯ ಪದ್ಧತಿ ನೆನಪಾಯ್ತು. ದೇವರಗುಡ್ಡನಾಗಲಿ ನೀಲಗಾರನಾಗಲಿ ನೌಕರ ಅಲ್ಲ. ಹರಕೆ, ದೀಕ್ಷೆ, ಗುರು ಪರಂಪರೆಯಿಂದ ಬಂದವನು. ದೀಕ್ಷೆ ಅಂದ್ರೆ ನಿನಗೆ ಈ ಕತೆ ಹೇಳೋ ಹಕ್ಕಿದೆ ಅಂತ ಎಲ್ಲರ ಮುಂದೆ ಒಪ್ಪಿದ ಹಾಗೆ. ಆ ಹಕ್ಕು ಕತೆ ಮಾಡಿಸೋ ಮನೆ ಯಜಮಾನ ಕೊಟ್ಟಿದ್ದಲ್ಲ, ಅವನು ಕಿತ್ತುಕೊಳ್ಳೋಕೂ ಆಗಲ್ಲ. ಎರಡನೇದು ಪಡಿ. ಜೋಳಿಗೆ ಹಿಡಿದು ಬಂದಾಗ ಒಕ್ಕಲಿನ ಮನೆಯವರು ರಾಗಿ, ಅಕ್ಕಿ, ಕಾಳು ಹಾಕಬೇಕು. ಅವತ್ತು ಕತೆ ಹೇಳಿದನೋ ಇಲ್ಲವೋ ಅನ್ನೋ ಪ್ರಶ್ನೆ ಇಲ್ಲ. ಕತೆ ಇಲ್ಲದ ದಿನವೂ ಕತೆಗಾರನ ಮನೆಯ ಒಲೆ ಉರಿಯಬೇಕಲ್ಲ.

ಮೂರನೇದು ಸಾಲು. ಮಾದಪ್ಪನ ಕಾವ್ಯ ಬಲು ದೊಡ್ಡದು, ಒಂದು ರಾತ್ರಿಗೆ ಮುಗಿಯೋದಲ್ಲ. ಅದನ್ನ ಸಾಲುಗಳಾಗಿ ವಿಂಗಡಿಸಿದ್ದಾರೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಹೀಗೆ. ಕೇಳೋರು ಯಾವ ಸಾಲು ಬೇಕು ಅಂತ ಕೇಳಬಹುದು. ಅದನ್ನ ಎಷ್ಟು ಎಳೀಬೇಕು, ಎಲ್ಲಿ ನಿಲ್ಲಬೇಕು ಅನ್ನೋದು ಹಾಡೋನ ಕೈಯಲ್ಲಿದೆ. ಕಾಡಿಗೆ ಜೇನು ಕೀಳೋಕೆ ಹೊರಟ ಗಂಡ ಸಂಕಮ್ಮನ ಹತ್ತಿರ ಆಣೆ ಭಾಷೆ ಕೇಳೋದು, ಅವಳು ಕೊಡಲ್ಲ ಅನ್ನೋದು, ಅವನು ಕೊಡೋ ಹಿಂಸೆ, ಇದನ್ನ ಒಬ್ಬ ಒಂದು ಗಂಟೆ ಹಾಡಬಹುದು, ಇನ್ನೊಬ್ಬ ಇಡೀ ರಾತ್ರಿ. ಅಲ್ಲಿ ಯಾರೂ “ಬೇಗ ಮುಗಿಸಪ್ಪ” ಅನ್ನಲ್ಲ. ನಾನಂದೆ.

ಇಷ್ಟು ಹೇಳಿ ನಿಲ್ಲಿಸಿದ್ರೆ ಅರ್ಧ ಸುಳ್ಳು ಹೇಳಿದ ಹಾಗೆ. ನಮ್ಮ ಹಳೇ ಪದ್ಧತಿ ಬರೀ ಚಂದದ್ದಲ್ಲ. ತಾತನ ತಿಥಿಯ ರಾತ್ರಿ ಇನ್ನೊಂದು ವಿಷಯ ನೋಡಿದ್ದೆ, ಆಗ ಅರ್ಥ ಆಗಿರಲಿಲ್ಲ. ಇಡೀ ಮನೆ ಕೈ ಮುಗಿದು ಕೇಳಿದ ಆ ತಂಬೂರಿಯವರಿಗೆ ಊಟ ಬಡಿಸಿದ್ದು ಹೊರಗಡೆ ಜಗಲಿ ಮೇಲೆ, ಬೇರೆ ತಟ್ಟೆಯಲ್ಲಿ. ನೀಲಗಾರರಲ್ಲಿ ಬಹಳ ಜನ ದಲಿತರು, ಕೆಳಗಿನವರು ಅಂತ ಊರು ದೂರ ಇಟ್ಟ ಜಾತಿಗಳವರು. ಅವರು ಹಾಡ್ತಿದ್ದ ಕತೆ ಏನು? ಮಂಟೇಸ್ವಾಮಿ ಗಬ್ಬು ನಾರೋ ವೇಷದಲ್ಲಿ ಕಲ್ಯಾಣ ಪಟ್ಟಣಕ್ಕೆ ಹೋಗಿ, ಬಸವಣ್ಣನ ಬಾಗಿಲಲ್ಲಿದ್ದವರು ಒಳಗೆ ಬಿಡದೆ ಅಟ್ಟಿದ್ದು! ಒಳಗೆ ಕೂತು ನಾವು ಕಣ್ಣೀರು ಹಾಕಿಕೊಂಡು ಅದನ್ನೇ ಕೇಳಿದ್ವಿ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳೋಕೆ ಹೋಗಿ ಪಟ್ಟ ಅವಮಾನ, ಹಿಂಸೆಯ ಭಾಗವೂ ಅಷ್ಟೇ. ಜೋಳಿಗೆ ಹಿಡಿದವನೇ ಜೋಳಿಗೆಯ ಅವಮಾನ ಹಾಡ್ತಾನೆ.

ಅದೇ ಪರಂಪರೆಯ ಚಿಕ್ಕಲ್ಲೂರು ಜಾತ್ರೆ ಕೊಳ್ಳೇಗಾಲದ ಕಡೆ ಐದು ದಿನ ನಡೆಯುತ್ತೆ. ಅಲ್ಲಿ ಪಂಕ್ತಿಸೇವೆ ಅಂತ ಇದೆ, ಜಾತಿ ಭೇದ ಇಲ್ಲದೆ ಒಟ್ಟಿಗೆ ಕೂತು ಉಣ್ಣೋದು. ಕತೆಗಾರರು ತಮ್ಮ ಜಾಗದಲ್ಲಿ ಸಾಲು ಊಟ ಇಟ್ಟುಕೊಂಡರು, ನಾವು ನಮ್ಮ ಜಗಲಿ ಇಟ್ಟುಕೊಂಡ್ವಿ. ಹೀಗಿರುವಾಗ ಇವತ್ತು ಆ ಮನೆಗಳ ಹುಡುಗರು ಓದಿ ಕೆಲಸಕ್ಕೆ ಹೋಗ್ತೀವಿ, ಜೋಳಿಗೆ ಹಿಡಿಯಲ್ಲ ಅಂದ್ರೆ ಅದನ್ನ ‘ಸಂಸ್ಕೃತಿ ನಾಶ’ ಅಂತ ಗೊಣಗೋಕೆ ನಮಗೆ ಮುಖ ಇದೆಯಾ? ಪಡಿ ಹಾಕಿದ್ವಿ ನಿಜ. ಪಡಿ ಹಾಕೋನು ಮೇಲೆ, ತಗೊಳ್ಳೋನು ಕೆಳಗೆ ಅನ್ನೋದನ್ನೂ ಅದರ ಜೊತೆಗೇ ಹಾಕಿದ್ವಿ.

ಮೆಚ್ಚುಗೆ ಅನ್ನೋದನ್ನ ಸರಿಯಾಗಿ ಮಾಡಿದ ಉದಾಹರಣೆಗಳೂ ಇವೆ. ಬಹಳ ಕಾಲ ಈ ಕಾವ್ಯಗಳು ಬಾಯಿಂದ ಬಾಯಿಗೆ ಮಾತ್ರ ಬಂದವು. 1973ರಲ್ಲಿ ಪಿ.ಕೆ. ರಾಜಶೇಖರ ಅವರು ಮಹದೇಶ್ವರನ ಕಾವ್ಯ ಸಂಗ್ರಹಿಸಿ ಪ್ರಕಟಿಸಿದ್ರು. 90ರ ದಶಕದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹಿ.ಚಿ. ಬೋರಲಿಂಗಯ್ಯ ಅವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯ ಬಂತು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯವನ್ನ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದ್ರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನ ಪ್ರಕಟಿಸಿತು. ಆ ಇಂಗ್ಲಿಷ್ ಪುಸ್ತಕದಲ್ಲಿ ನನಗೆ ಇಷ್ಟ ಆಗೋದು ಅದರ ಹೆಸರಿನ ಪುಟ. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದು ಅಂತ ಅಲ್ಲಿ ಅಚ್ಚಾಗಿದೆ. ಸಂಗ್ರಹ ಮಾಡಿದವರು, ಅನುವಾದ ಮಾಡಿದವರ ಜೊತೆ ಹಾಡಿದವನ ಹೆಸರೂ ಇದೆ. ‘ಮತ್ತು ತಂಡ’ ಅಂತ ಹಿಮ್ಮೇಳವನ್ನೂ ಮರೆತಿಲ್ಲ. ಅಲ್ಟಿಮಾದ ಹಸಿರು ನಿಲುವಂಗಿಯವರ ಎಷ್ಟು ಹೆಸರು ಯಾವ ಪುಟದಲ್ಲಿ ಉಳಿದಿದೆ ಹೇಳಿ?

ಆ ಭಾನುವಾರ ಬೆಳಗ್ಗೆ ಊರಲ್ಲಿ ವಯಸ್ಸಾದ ತಂಬೂರಿಯವರೊಬ್ಬರ ಮನೆಗೆ ಹೋದೆ. ಗಂಟಲು ಕೈಕೊಟ್ಟಿದೆ, ಈಗ ಕತೆಗೆ ಹೋಗಲ್ಲ. ಏನೋ ಮಾತಾಡ್ತಾ ನಮ್ಮ ಆಟದ ವಿಷಯ ಹೇಳಿದೆ. ಕಂಪ್ಯೂಟರ್, ಸರ್ವರ್ ಎಲ್ಲಾ ಬಿಟ್ಟು, “ತಾತ, ಇಪ್ಪತ್ತು ಜನ ಒಬ್ಬ ಕತೆಗಾರನ ಕತೆ ಕೇಳ್ತಾ ಅದರೊಳಗೇ ಪಾತ್ರ ಆಡ್ತೀವಿ, ರಾತ್ರಿ ಹೊತ್ತು. ಅವನು ಸಾಕಾಯ್ತು ಅಂತ ಬಿಟ್ಟ” ಅಂದೆ. ಪಾಪ ಅಂತಾನೋ, ಈಗಿನ ಕಾಲದವರು ಹಾಗೇನೇ ಅಂತಾನೋ ಅನ್ಕೊಂಡಿದ್ದೆ. ತಾತ ಕೇಳಿದ್ದೇ ಬೇರೆ.

“ಅವನ್ಗ ಹಿಮ್ಮೇಳ ಯಾರು ಮಗ?”

ಯಾರೂ ಇಲ್ಲ, ಒಬ್ಬನೇ ಅಂದೆ.

“ಒಬ್ನೇ ಇಡೀ ರಾತ್ರಿ ಯೇಳುದ್ರ ಗಂಟ್ಲು ನಿಂತದಾ? ನೀವ್ ಇಪ್ಪತ್ ಜನ ಏನ್ ಮಾಡ್ತಿದ್ರಿ?”

ಹಿಮ್ಮೇಳ ಅಂದ್ರೆ ಜೊತೆಗೆ ತಾಳ ಹಾಕೋರು ಅಂತ ಅಷ್ಟು ದಿನ ತಿಳಿದಿದ್ದೆ. ತಾತ ವಿವರಿಸಿದ ಮೇಲೆ ಅದರ ಕೆಲಸ ಗೊತ್ತಾಯ್ತು. ಮುಂದಿನವನು ಹೇಳಿದ ಸಾಲಿನ ಕೊನೆಯನ್ನ ಹಿಮ್ಮೇಳ ಎತ್ತಿಕೊಂಡು ಹಾಡುತ್ತೆ. ಅಷ್ಟರೊಳಗೆ ಅವನು ಉಸಿರು ತಗೋತಾನೆ, ಒಂದು ಗುಟುಕು ನೀರು ಕುಡೀತಾನೆ, ಮುಂದಿನ ಸಾಲು ನೆನಪು ಮಾಡಿಕೊಳ್ತಾನೆ. ಅವನು ಕತೆಯಲ್ಲಿ ದಾರಿ ತಪ್ಪಿದ್ರೆ ಹಿಮ್ಮೇಳದವನು “ಆಮೇಲೇನಾಯ್ತು ಸ್ವಾಮಿ?” ಅಂತ ಕೇಳಿ ದಾರಿಗೆ ತರ್ತಾನೆ. ಜನ ತೂಕಡಿಸಿದ್ರೆ ಒಂದು ನಗೆ ಮಾತು ಹಾಕ್ತಾನೆ. ಇನ್ನೊಂದು ಪಾತ್ರದ ಮಾತನ್ನ ತಾನೇ ಆಡ್ತಾನೆ. ಇಷ್ಟು ಆಸರೆ ಇದ್ದಾಗ ಮಾತ್ರ ಒಬ್ಬ ಮನುಷ್ಯ ಬೆಳಗಿನವರೆಗೆ ಕತೆ ನಡೆಸಬಲ್ಲ. “ನಾನೂ ಹತ್ವರ್ಸ ಹಿಮ್ಮೇಳ್ದಲ್ಲೇ ಇದ್ದಿ. ಅಲ್ಲೇ ಕತ ಕಲ್ತದ್ದು” ಅಂದ್ರು ತಾತ. ಎಸೆಕ್ಸ್‌ನ ವಿಜರ್ಡ್ ಏಣಿ ನಮ್ಮೂರಲ್ಲಿ ಯಾವತ್ತಿನಿಂದಲೋ ಇದೆ ಅಂತ ಆಗ ಹೊಳೀತು.

ಬೆಂಗಳೂರಿಗೆ ಬಸ್ಸಿನಲ್ಲಿ ವಾಪಸ್ ಬರ್ತಾ ಇದೇ ಯೋಚನೆ. ಆನ್‌ಲೈನ್ ಕತೆಗಾರರನ್ನ ಹೇಗೆ ಮೆಚ್ಚೋದು ಅಂದ್ರೆ ನಮಗೆ ಹೊಳೆಯೋದು ಚಪ್ಪಾಳೆ, ಇಲ್ಲಾಂದ್ರೆ ಒಂದಿಷ್ಟು ದುಡ್ಡು. ಎರಡೂ ಬೇಕು, ಬೇಡ ಅನ್ನಲ್ಲ. ಕಂಪನಿ ಲಾಭ ಮಾಡೋ ಕಡೆ ಕತೆಗಾರನಿಗೆ ಕೂಲಿನೇ ಕೊಡಬೇಕು, ಅದರಲ್ಲಿ ಪ್ರೀತಿ ಗೀತಿ ಮಾತು ಬೇಡ. ಆದ್ರೆ ನಮ್ಮ ಹಾಗೆ ಗೆಳೆಯರೇ ಸೇರಿ ನಡೆಸೋ ಲೋಕದಲ್ಲಿ ಕತೆಗಾರನನ್ನ ಸುಸ್ತು ಮಾಡೋದು ಒಂಟಿತನ. ಇಪ್ಪತ್ತು ಜನ ಪ್ರೇಕ್ಷಕರಾಗಿ ಎದುರು ಕೂತು ಒಬ್ಬನ ಗಂಟಲು ಒಣಗಿಸ್ತೀವಿ.

ಸೋಮವಾರ ರಾತ್ರಿ ಇನ್ನಿಬ್ಬರು ಆಟಗಾರರ ಜೊತೆ ಮಾತಾಡಿದೆ. ಒಂದು ಲೆಕ್ಕ ಹಾಕಿದ್ವಿ. ಅಂಗಡಿಯವನು, ಕಾವಲುಗಾರ, ಛತ್ರದ ಅಮ್ಮ ಇಂಥ ಸಣ್ಣ ಪಾತ್ರಗಳ ಮಾತನ್ನ ನಾನು ಆಡ್ತೀನಿ. ಒಬ್ಬಳು ಇದುವರೆಗಿನ ಕತೆಯನ್ನ ಬರೆದಿಡ್ತಾಳೆ, ಕತೆಗಾರ ಎಲ್ಲಿ ಬಿಟ್ಟಿದ್ದೆ ಅಂತ ಕೇಳಿದ್ರೆ ಹೇಳೋಕೆ. ಆ ದಾಖಲೆಯ ಮೊದಲ ಪುಟದಲ್ಲಿ ಕತೆಗಾರನ ಹೆಸರು ಬರಬೇಕು. ಇನ್ನೊಬ್ಬ ಆಟಗಾರರ ದೂರು, ಜಗಳ ನೋಡ್ಕೋತಾನೆ, ಅದು ಕತೆಗಾರನ ತನಕ ಹೋಗಬಾರದು. ಸರ್ವರ್ ಬಾಡಿಗೆ ಇಷ್ಟು ದಿನ ಅವನೊಬ್ಬನೇ ಕಟ್ಟುತ್ತಿದ್ದ (ನಮಗೆ ಇದೂ ಗೊತ್ತಿರಲಿಲ್ಲ, ನಾಚಿಕೆ!), ಇನ್ನು ಎಲ್ಲರೂ ಹಂಚಿಕೊಳ್ಳೋದು. ಅವನು ಬರದೆ ಇದ್ದ ವಾರವೂ ಹಂಚಿಕೊಳ್ಳೋದು. ಪಡಿ ಅಂದ್ರೆ ಪಡಿ, ಆದ್ರೆ ಜಗಲಿ ಬೇಡ. ಅವನಿಗೂ ನಮ್ಮ ಪಂಕ್ತಿಯಲ್ಲೇ ಜಾಗ.

ಆಮೇಲೆ ಅವನಿಗೆ ನಾನೇ ಒಂದು ಕಾಗದ ಬರೆದೆ. ಸುಮ್ಮನೆ ಥ್ಯಾಂಕ್ಸ್ ಅಂತ ಬರೀಲಿಲ್ಲ. ಮೂರು ವರ್ಷದಲ್ಲಿ ನೆನಪಿರೋ ದೃಶ್ಯಗಳನ್ನ ಒಂದೊಂದಾಗಿ ಬರೆದೆ. ಮಳೆಯಲ್ಲಿ ಸೇತುವೆ ಕೊಚ್ಚಿ ಹೋದ ರಾತ್ರಿ. ಮಗನನ್ನ ಹುಡುಕಿಕೊಂಡು ಬಂದ ಕುರುಡಿ ಅಮ್ಮ. ಸುಳ್ಳು ಹೇಳಿದ ಪಟೇಲ ಕೊನೆಗೆ ಅತ್ತಿದ್ದು. ಬರೀತಾ ಹೋದ ಹಾಗೆ ಹನ್ನೆರಡು ಆದವು. ಕೊನೆಗೆ, ಆ ಹಳ್ಳಿಯ ಸಾವಿನ ದೃಶ್ಯದಲ್ಲಿ ಬೇಗ ಮುಗಿಸು ಅಂದಿದ್ದು ನಾನು, ಅದು ತಪ್ಪು, ಆ ಕತೆ ಅರ್ಧಕ್ಕೆ ನಿಂತಿದೆ, ಅದನ್ನ ನೀನು ಹೇಗೆ ಮುಗಿಸಬೇಕು ಅಂದುಕೊಂಡಿದ್ದೆಯೋ ಹಾಗೇ ಕೇಳಬೇಕು ಅಂತ ಬರೆದೆ.

ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಬಂತು. ವಾರಕ್ಕೆ ಎರಡು ರಾತ್ರಿ ಇನ್ನು ಆಗೋದಿಲ್ಲ, ತಿಂಗಳಿಗೆ ಒಂದು ರಾತ್ರಿ ಬರ್ತೀನಿ, ಉಳಿದ ರಾತ್ರಿಗಳನ್ನ ನೀವು ಯಾರಾದ್ರೂ ನಡೆಸೋದು ಕಲೀರಿ, ನಾನು ಹಿಮ್ಮೇಳಕ್ಕೆ ಇರ್ತೀನಿ ಅಂದ. (ಹಿಮ್ಮೇಳ ಅಂದ್ರೇನು ಅಂತ ನನ್ನ ಕಾಗದದಲ್ಲಿ ಒಂದು ಪ್ಯಾರಾ ಪೂರ್ತಿ ವಿವರಿಸಿದ್ದೆ, ಪದ ಹಾಗೇ ಹಿಡ್ಕೊಂಡಿದ್ದಾನೆ!) ಮುಂದಿನ ಶನಿವಾರ ಮೊದಲ ಸಲ ನಾನು ಕತೆ ನಡೆಸಬೇಕು. ಕೈ ನಡುಗ್ತಿದೆ. ಒಂದು ಸಣ್ಣ ಹಳ್ಳಿ, ಒಂದು ಬೆಟ್ಟ, ಚೆಂಡು ಹೂವಿನ ಹೊಲ, ಬಾಗಿಲಿಗೆ ಬಂದವನನ್ನ ಒಳಗೆ ಬಿಡದ ಒಂದು ಮನೆ... ಅಷ್ಟು ಯೋಚಿಸಿಟ್ಟಿದ್ದೀನಿ.

ಊರಿನ ತಾತನಿಗೆ ಫೋನ್ ಮಾಡಿ ಹೇಳಿದೆ. ನಕ್ಕು, “ಮೊದ್ಲು ನೀರ್ ಇಟ್ಕೊ ಮಗ ಪಕ್ಕದಲ್ಲಿ” ಅಂದ್ರು. ಮುಂದಿನ ಸಲ ಊರಿಗೆ ಹೋದಾಗ ಅವರನ್ನ ಮನೆಗೆ ಊಟಕ್ಕೆ ಕರೆದಿದ್ದೀನಿ, ಒಳಗೆ, ನಮ್ಮ ಜೊತೆ. ಅಮ್ಮನಿಗೆ ಹೇಳಿಯಾಗಿದೆ. ಒಂದು ಕ್ಷಣ ಸುಮ್ಮನಿದ್ದು, “ಏನ್ ಮಾಡ್ಲಿ ಅಡುಗೆ?” ಅಂದ್ರು ಅಮ್ಮ.

ನಿಮ್ಮ ಊರುಗಳಲ್ಲೂ ಇಂಥ ಕತೆಗಾರರು ಇರಬೇಕು, ಗೊಂದಲಿಗರು, ಕಿನ್ನರಿ ಜೋಗಿಗಳು, ಯಕ್ಷಗಾನದ ಭಾಗವತರು. ನೀವು ಕೇಳಿದ ಕತೆ ಯಾವುದು, ಹೇಳಿದವರು ಯಾರು, ಅವರಿಗೆ ಹಿಮ್ಮೇಳ ಯಾರಿದ್ರು? ನೆನಪಿದ್ರೆ ನೀವೂ ಬರೀರಿ. ಓದೋಕೆ ನಾನಿದ್ದೀನಿ, ಅರ್ಧಕ್ಕೆ ಎದ್ದು ಹೋಗಲ್ಲ :-)